ನಾನು ಓದದೆ ಬಿಟ್ಟ ಇಲಿಗಳು

ನಮ್ಮ ಮನೆತನದಲ್ಲಿ ಇಂಗ್ಲಿಷ್ ಓದುವುದು ನನ್ನ ಪಾಲಿಗೆ ಬಂದ ಕೆಲಸ. ಅಪ್ಪ ನನ್ನನ್ನು ಕಾನ್ವೆಂಟಿಗೆ ಹಾಕಿದ. ತಂಗಿಯ ಸರದಿ ಬರುವಷ್ಟರಲ್ಲಿ ಅವ್ವ ಹಾಸಿಗೆ ಹಿಡಿದಿದ್ದಳು, ತಂಗಿ ಮನೆಯಲ್ಲೇ ಉಳಿದಳು. ಮುಂದೆ ಔಷಧದ ಚೀಟಿ, ಬ್ಯಾಂಕಿನ ಲೆಟರ್, ಏನೇ ಬಂದರೂ ತನ್ನ ಗಂಡನ ಮನೆ ಮೂಡಲಗಿಯಿಂದ ಗೋಕಾಕಿನ ನನ್ನ ಮನೆಗೆ ತರುತ್ತಿದ್ದಳು. ನಾನು ಕನ್ನಡದಲ್ಲಿ ಹೇಳಿದ್ದೇ ಅವಳಿಗೆ ಖರೆ.

ಎರಡು ವರ್ಷದಿಂದ ಅವಳಿಗೆ ಡಿಪ್ರೆಶನ್. ಹುಕ್ಕೇರಿಯ ಡಾಕ್ಟರು ಕೊಟ್ಟ ಗುಳಿಗೆ ನುಂಗುತ್ತಿದ್ದಳು, ನುಂಗುವುದಕ್ಕೆ ನಾಚುತ್ತಲೂ ಇದ್ದಳು. ಓಣಿಯವರು ಅದನ್ನು ಹುಚ್ಚರ ಗುಳಿಗೆ ಅನ್ನುತ್ತಾರೆಂಬ ಭಯ. ಹೋದ ಚಳಿಗಾಲ ಅವಳು ಬಂದಾಗ ನನ್ನ ಕೈಯಲ್ಲಿ ಒಂದು ಇಂಗ್ಲಿಷ್ ಮ್ಯಾಗಝಿನ್ ಇತ್ತು. ಅರಿಶಿನದಲ್ಲಿರುವ ಕರ್ಕ್ಯುಮಿನ್ ಎಂಬ ಅಂಶ ಮಿದುಳಿನಲ್ಲಿ ಸಿರೊಟೋನಿನ್ ಎಂಬ ರಾಸಾಯನಿಕವನ್ನು ಹೆಚ್ಚಿಸುತ್ತದೆ, ಮನಸ್ಸಿನ ಭಾರಕ್ಕೂ ಆ ಕೆಮಿಸ್ಟ್ರಿಗೂ ಸಂಬಂಧವಿದೆ ಎಂದು ಬರೆದಿತ್ತು. ಓದಿ ಹೇಳಿದೆ.

"ಅರಿಷಿಣನ?" ಎಂದು ಎದ್ದು ಕುಳಿತಳು. ಅವರ ಹೊಲದ ತುಂಬ ಅದೇ ಬೆಳೆ. "ಅಂದ್ರ ನಾವು ಕುದಿಸಿ ಅಂಗಳದಾಗ ಒಣಗಸೂದು?"

"ಹೌದವಾ, ಅದ."

ಎಷ್ಟೋ ತಿಂಗಳ ಮೇಲೆ ಅವಳ ಮುಖದಲ್ಲಿ ನಗೆ ಕಂಡೆ.

ಆ ಆರ್ಟಿಕಲ್ಲಿನ ಸಾಲುಸಾಲಿನಲ್ಲೂ ಇಲಿಗಳಲ್ಲಿ, ಇಲಿಗಳಲ್ಲಿ ಎಂದಿತ್ತು. ಕಾನ್ವೆಂಟಿನಲ್ಲಿ ರೀಡಿಂಗ್‌ಗೆ ಪ್ರೈಜ್ ಪಡೆದವಳು ನಾನು, ಆ ಒಂದು ಶಬ್ದವನ್ನು ಮಾತ್ರ ದಾಟಿ ದಾಟಿ ಓದಿದೆ. ಅವಳು ನಕ್ಕ ಮೇಲಂತೂ, ಇಲಿ ಅಂದರೆ ಆ ನಗೆ ಹೋಗಿಬಿಡುತ್ತದೆ ಅನ್ನಿಸಿತ್ತು.

ಯುಗಾದಿಗೆ ಮುಂಚೆ ಅವಳ ಸೊಸೆ ಫೋನ್ ಮಾಡಿದಳು. "ದೊಡ್ಡವ್ವಾರ, ಅತ್ತಿ ಜಳಕಾ ಮಾಡಿ ವಾರಾತ್ರಿ. ಗ್ವಾಡಿ ಕಡೆ ಮಾರಿ ಮಾಡಿ ಮಲಗ್ಯಾರ. ಗುಳಗಿ ಎಲ್ಲಾ ಜ್ವಾಳದ ಚೀಲದಾಗ ಸಿಕ್ಕಾವು. ಕೇಳಿದ್ರ, ಹಾಲಾಗ ಅರಿಷಿಣ ಸಾಕು, ಅಕ್ಕ ಓದಿ ಹೇಳ್ಯಾಳ ಅಂತಾರ."

ಸಾಕು ಎಂದು ನಾನು ಹೇಳಿರಲಿಲ್ಲ. ಸಾಲದು ಎಂದೂ ಹೇಳಿರಲಿಲ್ಲ.

ಸಿಕ್ಕ ಬಸ್ಸು ಹತ್ತಿ ಮೂಡಲಗಿಗೆ ಹೋದೆ. ಅವಳ ಬೆನ್ನಿನ ಬಾಜೂ ಕುಳಿತು ಹೇಳಿದೆ: "ಅದು ಇಲಿಗೋಳಿಗೆ ಕೊಟ್ಟು ನೋಡಿದ್ದವಾ. ಮನಶ್ಯಾರಿಗಲ್ಲ. ನಾ ಮುಚ್ಚಿಟ್ಟೆ."

ಗೋಡೆಯ ಕಡೆಗೇ ಮುಖವಿಟ್ಟು ಕೇಳಿದಳು, "ಇಲಿಗೂ ಬ್ಯಾಸರ ಆಗತೈತೇನು?"

"ನೀರಾಗ ಬಿಡ್ತಾರಂತ. ಲಗೂನ ಈಜೂದು ಬಿಟ್ರ ಬ್ಯಾಸತ್ತೈತಿ ಅಂತ ಲೆಕ್ಕ. ಅರಿಷಿಣದ್ದು ಕೊಟ್ಟ ಇಲಿ ಭಾಳ ಹೊತ್ತು ಈಜತಾವಂತ."

"ಆಮ್ಯಾಲ?"

ಅದನ್ನೂ ನುಂಗಿಬಿಡಬಹುದಿತ್ತು. "ಕೊಂದು, ಮಿದುಳು ತಗದು ನೋಡ್ತಾರ."

ಆಗ ತಿರುಗಿದಳು. ಕಣ್ಣ ಸುತ್ತ ಕಪ್ಪು, ಕೂದಲು ಜಡೆಗಟ್ಟಿತ್ತು. "ಪಾಪ, ಈಜಿದ್ದಕ್ಕೂ ಅಷ್ಟನ" ಎಂದಳು. ಮತ್ತೆ, "ಸಾಲಿ ಕಲೀಲಿಲ್ಲ ಖರೆ, ಅಕ್ಕಾ. ಇಲಿ ಅಂದ್ರ ತಿಳೀಲಾರದಷ್ಟು ದಡ್ಡಿ ಇದ್ನೇನು ನಾ?"

ಮರುದಿನ ಹುಕ್ಕೇರಿಗೆ ಕರೆದುಕೊಂಡು ಹೋದೆ. ಕೇಳದೆ ಗುಳಿಗೆ ಬಿಟ್ಟಿದ್ದು ಎಷ್ಟು ಡೇಂಜರ್ ಗೊತ್ತೇ ಎಂದು ಡಾಕ್ಟರು ರೇಗಿದರು. ತಪ್ಪು ನನ್ನದು ಎನ್ನಲು ಬಾಯಿ ತೆರೆದೆ. ತಂಗಿ ಟೇಬಲ್ಲಿನ ಕೆಳಗೆ ನನ್ನ ಮಣಿಕಟ್ಟು ಅಮುಕಿದಳು. "ಮರತೆರಿ, ವಯಸ್ಸಾತ ನೋಡ್ರಿ" ಎಂದು ತಾನೇ ಹೇಳಿದಳು. ಗುಳಿಗೆ ಮತ್ತೆ ಶುರುವಾಯಿತು; ಗುಣ ಹತ್ತಲು ಕೆಲವು ವಾರ ಬೇಕೆಂದರು. ಈಗ ಜಳಕ ಮಾಡುತ್ತಾಳೆ. ಕೆಲವು ದಿನ ಅಂಗಳಕ್ಕೂ ಬರುತ್ತಾಳೆ, ಕೆಲವು ದಿನ ಇಲ್ಲ.

ಮೊನ್ನೆ ಅವಳಿಗೆ ಬ್ಯಾಂಕಿನಿಂದ ಇಂಗ್ಲಿಷ್ ಲೆಟರ್ ಬಂದಿತ್ತಂತೆ. ಓದಿಸಲು ಸೊಸೆ ಯಾರೋ ಮಾಸ್ತರರ ಹತ್ತಿರ ಒಯ್ದಳಂತೆ. ನನಗ್ಯಾಕೆ ಹೇಳಲಿಲ್ಲ ಎಂದು ಫೋನಿನಲ್ಲಿ ಕೇಳಿದೆ.

"ನಿಮಗ್ಯಾಕ ತ್ರಾಸ ಅಂದ್ರು ರೀ ಅತ್ತಿ" ಎಂದಳು ಸೊಸೆ, ಬಹಳ ಮರ್ಯಾದೆಯಿಂದ.