ಮೂರು ಕಂಪ್ಯೂಟರಿನ ಜಬೀವುಲ್ಲಾ

ಶಿರಾ ಬಸ್ ಸ್ಟ್ಯಾಂಡಿನ ಹಿಂದೆ ಲಗ್ನಪತ್ರಿಕೆ ಮಾಡಿಕೊಡುವ ಜಬೀವುಲ್ಲಾನ ಮೇಜಿನ ಮೇಲೆ ಮೂರು ಕಂಪ್ಯೂಟರುಗಳಿವೆ. ಒಂದರಲ್ಲಿ ವಿಂಡೋಸ್ ತೊಂಬತ್ತೆಂಟು, ಒಂದರಲ್ಲಿ ಎಕ್ಸ್‌ಪಿ, ಇನ್ನೊಂದರಲ್ಲಿ ಯಾರೋ ಪುಕ್ಕಟೆ ಹಾಕಿಕೊಟ್ಟ ಲಿನಕ್ಸ್. ಯಾವುದು ಒಳ್ಳೆಯದೆಂದು ಕೇಳಿದವರು ಕೆಟ್ಟರು. "ತೊಂಬತ್ತೆಂಟು ಮುದಿ ಎತ್ತು ಕಣಣ್ಣ, ನಿಧಾನ, ಆದ್ರೆ ದಾರಿ ತಪ್ಪಲ್ಲ. ಎಕ್ಸ್‌ಪಿ ಬಂಗಾರ. ಇಲ್ಲ, ಇರಿ, ಲಿನಕ್ಸೇ ವಾಸಿ... ಅಂಗೂ ಹೇಳಕ್ಕಾಗಲ್ಲ," ಎಂದು ತಾನೇ ಗೊಂದಲಕ್ಕೆ ಬೀಳುತ್ತಾನೆ. ಒಂದರ ಮೌಸ್ ಹಿಡಿದು ಇನ್ನೊಂದರ ಪರದೆ ನೋಡುತ್ತಾ, ಬಾಣ ಏಕೆ ಕದಲುತ್ತಿಲ್ಲವೆಂದು ಬೈಯುತ್ತಾನೆ. "ನನ್ ಮಗಳ ಕಾರ್ಡು ಯಾವ್ದ್ರಲ್ಲೈತೆ ಸಾಬ್ರೇ?" ಎಂದು ಲಗ್ನಪತ್ರಿಕೆಗೆ ಹೇಳಿಹೋಗಿದ್ದ ಬೈಲಪ್ಪ ಕೇಳಿದರೆ ಮೂರನ್ನೂ ಜಾಲಾಡುತ್ತಾನೆ. "ಆ ಹಳೇದನ್ನ ಗುಜರಿಗೆ ಹಾಕ್ಬುಡಿ" ಎಂದು ಯಾರಾದರೂ ಅಂದಾಗ ಮಾತ್ರ ಜಬೀವುಲ್ಲಾ ತೊಂಬತ್ತೆಂಟರ ಪರದೆಯ ಧೂಳು ಒರೆಸತೊಡಗುತ್ತಾನೆ. ಅಂಗಡಿಗಳಿಗೆ ಬೋರ್ಡು ಬರೆಯುತ್ತಿದ್ದ ತಂದೆ ತೀರಿಕೊಂಡ ವರ್ಷ, ಅವರ ಕೈಯ ಕನ್ನಡ ಅಕ್ಷರಗಳನ್ನು ಒಂದೊಂದಾಗಿ ತಿದ್ದಿ ಫಾಂಟು ಮಾಡಿದ್ದು ಅದರಲ್ಲೇ. ಬೇರೆ ಯಾವುದರಲ್ಲಿ ತೆರೆದರೂ ಅವು ಬರೀ ಚೌಕಗಳು. ಹೊಸ ಸಿಸ್ಟಂ ಹಾಕಿದಾಗಲೆಲ್ಲ ಅವನು ಮೊದಲು ತೆರೆಯುವುದು ಆ ಅಕ್ಷರಗಳ ಫೈಲನ್ನೇ, ಸಾಲುಗಟ್ಟಿದ ಚೌಕಗಳನ್ನು ಬಹಳ ಹೊತ್ತು ನೋಡಿ ಮೆಲ್ಲಗೆ ಹೇಳುತ್ತಾನೆ: "ಇದಕ್ಕೂ ನಮ್ಮ ಅಬ್ಬಾನ ಗುರುತು ಸಿಗಲಿಲ್ಲ."