ಅಪ್ಪನ ಪಾಲಿನ ನೀರು

ಆಗೆಲ್ಲ ಜರ್ಮನಿಯ ಡಾರ್ಮ್‌ಸ್ಟಾಟ್‌ನಲ್ಲಿ ಬೇಸಿಗೆ ಎಂದರೆ ನನಗೆ ಚೆರ್ರಿ ಹಣ್ಣು, ಅಷ್ಟೇ. ಎಪ್ಪತ್ತರ ದಶಕದ ಮೊದಲ ವರ್ಷಗಳು. ಅಪ್ಪ ಅಲ್ಲಿಯ ವಿಶ್ವವಿದ್ಯಾಲಯದಲ್ಲಿ ಲೋಹಗಳ ಮೇಲೆ ಸಂಶೋಧನೆ ಮಾಡುತ್ತಿದ್ದರು. ಅಪ್ಪ, ಅಮ್ಮ, ನಾನು ಒಂದು ಹಳೆಯ ಮನೆಯ ಮೊದಲ ಮಹಡಿಯಲ್ಲಿ ಬಾಡಿಗೆಗಿದ್ದೆವು. ಹಿತ್ತಲಿನ ಚೆರ್ರಿ ಮರದ ಒಂದು ಕೊಂಬೆ ನಮ್ಮ ಬಾಲ್ಕನಿಯೊಳಗೇ ಚಾಚಿಕೊಂಡಿತ್ತು.

ಆ ಭಾನುವಾರ ನಾನೂ ಅಪ್ಪನೂ ಮರದ ಕೆಳಗೆ ನಿಂತು ಹಣ್ಣು ತಿಂದೆವು. ಬೀಜ ಯಾರು ದೂರಕ್ಕೆ ಉಗುಳುತ್ತಾರೆ ಎಂದು ಪಂದ್ಯ. ಅಪ್ಪನ ಬೀಜ ಬೇಲಿ ದಾಟಿತು.

"ನೋಡಿದ್ಯಾ ಪುಟ್ಟಿ? ಪಿಎಚ್.ಡಿ. ಏನು ಸುಮ್ನೆ ಕೊಡ್ತಾರಾ?"

ಆಮೇಲೆ ತೋಟದ ನಲ್ಲಿಗೆ ಬೊಗಸೆ ಒಡ್ಡಿ ಗಟಗಟ ಕುಡಿದರು. ಅಂಗಿಯ ಎದೆಯೆಲ್ಲ ಒದ್ದೆ. ಕೆಳಗಿನ ಮನೆಯ ಒಡತಿ, ಒಬ್ಬ ಮುದುಕಿ, ಕಿಟಕಿಯಿಂದ ಕೂಗಿದಳು: "ಹೆರ್ ಡಾಕ್ಟರ್! ಚೆರ್ರಿ ತಿಂದ ಮೇಲೆ ನೀರು ಕುಡಿಯಬಾರದು!" ಅದು ಆ ಊರಿನವರ ನಂಬಿಕೆ. ಮೇಲಿನಿಂದ ಅಮ್ಮನೂ ಇಣುಕಿದಳು. "ಮನೇಲಿ ಲೋಟ ಇಲ್ವೇನ್ರೀ?"

"ಇನ್ನೊಂದು ಬೊಗಸೆ ಕುಡೀಲಾ ಪುಟ್ಟಿ? ಇಬ್ರೂ ಒಟ್ಟಿಗೇ ಬೈಲಿ," ಎಂದು ಅಪ್ಪ ಕಣ್ಣು ಮಿಟುಕಿಸಿ ಮತ್ತೆ ಬಗ್ಗಿದರು.

ಮರುದಿನ ಬೆಳಗ್ಗೆ ಅಪ್ಪನ ಪಾದ ಶೂ ಒಳಗೆ ಹೋಗಲಿಲ್ಲ. ಮುಖವೂ ಊದಿಕೊಂಡಿತ್ತು. ಆಸ್ಪತ್ರೆಯಲ್ಲಿ ಕೆಲವು ದಿನ ಇದ್ದು ಬಂದಾಗ ಅವರು ಬೇರೆಯೇ ಅಪ್ಪ. ಮೂತ್ರಪಿಂಡಗಳು ಕೆಟ್ಟಿದ್ದವು. ದಿನಕ್ಕೆ ಒಂದು ಸಣ್ಣ ಲೋಟ ನೀರು ಮಾತ್ರ. ಹಣ್ಣು ಮುಟ್ಟುವಂತಿಲ್ಲ.

ಅಡುಗೆಮನೆಯಿಂದ ಸಾರು ಹೋಯಿತು. ಮಜ್ಜಿಗೆ ಹೋಯಿತು. ಅಮ್ಮ ಡಾಕ್ಟರು ಹೇಳಿದಂತೆ ತರಕಾರಿ ಬೇಯಿಸಿ, ನೀರು ಬಸಿದು ಚೆಲ್ಲಿ, ಮತ್ತೆ ಬೇಯಿಸುತ್ತಿದ್ದಳು. ಒಗ್ಗರಣೆಯ ಇಂಗಿನ ವಾಸನೆ ಮಾತ್ರ ಮೊದಲಿನ ಹಾಗೆಯೇ ಬರುತ್ತಿತ್ತು. ಅಪ್ಪ ತಮ್ಮ ಪಾಲಿನ ನೀರನ್ನು ಸಂಧ್ಯಾವಂದನೆಯ ಉದ್ಧರಣೆಯಿಂದ, ಆ ಪುಟ್ಟ ಚಮಚದಿಂದ, ತುಟಿಗೆ ಬಿಟ್ಟುಕೊಳ್ಳುತ್ತಿದ್ದರು, ಸಂಜೆವರೆಗೂ ಉಳಿಯಲಿ ಎಂದು. ಅಮ್ಮ ನಲ್ಲಿಯನ್ನು ಸದ್ದಾಗದಂತೆ ತಿರುಗಿಸುತ್ತಿದ್ದಳು. ಅವಳೂ ನಾನೂ ಬಚ್ಚಲಿನ ಬಾಗಿಲು ಹಾಕಿಕೊಂಡು ನೀರು ಕುಡಿಯುತ್ತಿದ್ದೆವು.

ಒಳಗೆ ಸೆಕೆ ಎಂದು ಅಪ್ಪ ಬಾಲ್ಕನಿಯಲ್ಲಿ ಕೂರುತ್ತಿದ್ದರು. ತಲೆಯ ಮೇಲೆ ಆ ಕೊಂಬೆ, ಕೊನೆಯ ಹಣ್ಣುಗಳು. ಕೆಳಗೆ ಮುದುಕಿ ಗಿಡಗಳಿಗೆ ನೀರು ಹಾಕುವ ಸದ್ದು.

ನಮ್ಮ ಮೇಲಿನ ಮನೆಯಲ್ಲಿ ಎಲೆನಿ ಎಂಬ ಗ್ರೀಕ್ ಹೆಂಗಸು ಇದ್ದರು. ಕಾರ್ಖಾನೆಯಲ್ಲಿ ದುಡಿಯಲು ಬಂದವರು. ಅಮ್ಮನ ಬಾಯಲ್ಲಿ ಅವರು ಎಲೆನಮ್ಮ. ಅಮ್ಮ ಔಷಧಿ ತರಲು ಹೋದಾಗ ನಾನು ಅವರ ಮನೆಯಲ್ಲಿ ಕೂರುತ್ತಿದ್ದೆ. ಒಂದು ದಿನ ಅವರು ಕಿಟಕಿಯಿಂದ ಕೆಳಗೆ ಅಪ್ಪನನ್ನು ನೋಡಿ, "ಪಾಪ, ಟಾಂಟಲೋಸ್ ಹಾಗೆ," ಎಂದರು.

"ಯಾರದು?"

"ನಮ್ಮ ಕಡೆಯ ಹಳೇ ಕಥೆಯ ರಾಜ. ದೇವರುಗಳ ಪಂಕ್ತಿಯಲ್ಲಿ ಕೂತು ಉಣ್ಣುತ್ತಿದ್ದ. ಅವರ ಊಟ ಕದ್ದ. ಅದಕ್ಕೆ ಅವನನ್ನು ಕುತ್ತಿಗೆ ಮಟ್ಟ ನೀರಲ್ಲಿ ನಿಲ್ಲಿಸಿದರು. ಬಗ್ಗಿದರೆ ನೀರು ಇಳಿದುಹೋಗುತ್ತೆ. ತಲೆ ಮೇಲೆ ಹಣ್ಣು, ಕೈ ಎತ್ತಿದರೆ ಗಾಳಿ ಬಂದು ಕೊಂಬೆ ಮೇಲಕ್ಕೆ."

"ಎಷ್ಟು ದಿನ?"

"ದಿನ ಅಲ್ಲ ಮಗೂ. ಯಾವಾಗಲೂ."

ಹೇಳಿದ ಮೇಲೆ ಅವರ ಮುಖ ಸಣ್ಣದಾಯಿತು. ಎಳ್ಳು ಹಚ್ಚಿದ ಬಿಸ್ಕತ್ತು ನನ್ನ ಕೈಗೆ ತುರುಕಿದರು. ನಾನು ತಿನ್ನಲಿಲ್ಲ. ನೇರ ಇಳಿದು ಬಾಲ್ಕನಿಗೆ ಬಂದೆ.

"ಅಪ್ಪ, ನೀನು ಚೆರ್ರಿ ತಿಂದು ನೀರು ಕುಡಿದಿದ್ದಕ್ಕಾ ಈ ಶಿಕ್ಷೆ?"

ಅಪ್ಪ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ರಾಜನ ಕಥೆಯನ್ನು ಪೂರ್ತಿ ಹೇಳಿಸಿದರು. ಊಟ ಕದ್ದ ಎಂದಾಗ ನಕ್ಕರು.

"ನಾನೂ ಕದ್ದಿದೀನಿ. ನಿಮ್ಮಜ್ಜಿ ನೈವೇದ್ಯಕ್ಕೆ ಇಟ್ಟಿದ್ದ ಸಜ್ಜಪ್ಪ."

"ಆಮೇಲೆ?"

"ಆಮೇಲೇನು, ಅಜ್ಜಿ ಆವತ್ತೇ ಬೆನ್ನು ಮುರಿದ್ಲು. ದೇವರಿಗೆ ಏನೂ ಉಳೀಲಿಲ್ಲ ಹೊಡಿಯೋಕೆ." ನಗು ನಿಲ್ಲಿಸಿ ಹೇಳಿದರು: "ಇದು ಶಿಕ್ಷೆ ಅಲ್ಲ ಪುಟ್ಟಿ. ಒಳಗೆ ಯಾವಾಗಿಂದಲೋ ಕೆಡ್ತಾ ಇತ್ತು, ನಮಗೆ ಗೊತ್ತಾಗಲಿಲ್ಲ. ಚೆರ್ರಿದೇನೂ ತಪ್ಪಿಲ್ಲ. ಆ ರಾಜ ಒಬ್ನೇ ನಿಂತಿದ್ನಾ ನೀರಲ್ಲಿ?"

"ಹೂಂ."

"ಅದೇ ಅವನ ಕಷ್ಟ. ನೀನು ಹೋಗಿ ಒಂದು ಲೋಟ ನೀರು ತಗೊಂಡು ಬಾ. ಬಚ್ಚಲಲ್ಲಿ ಕುಡೀಬೇಡ, ನನ್ನೆದುರಿಗೆ ಕುಡಿ. ನನ್ನ ಪಾಲಿಂದೂ ಸೇರಿಸಿ."

ನಾನು ಕುಡಿದೆ. ಅಪ್ಪ ಕಣ್ಣು ಮುಚ್ಚಿಕೊಂಡರು. ಅವರ ಗಂಟಲಿನ ಗಂಟು ಮೇಲೆ ಕೆಳಗೆ ಆಡಿತು.

"ಹೇಗಿತ್ತು?"

"ನೀರಿನ ಹಾಗೆ."

"ಥೂ, ಸೋಮಾರಿ! ಸರಿಯಾಗಿ ಹೇಳು."

"ಮೊದಲು ಹಲ್ಲು ಜುಮ್ ಅಂತು. ಆಮೇಲೆ ಇಲ್ಲಿ ಎದೆಗೆ ಇಳೀತು. ಸ್ವಲ್ಪ ಕಬ್ಬಿಣದ ರುಚಿ."

"ಹಾಂ," ಎಂದರು ಅಪ್ಪ. "ಈಗ ಕುಡಿದ ಹಾಗಾಯ್ತು."

ಅಂದಿನಿಂದ ದಿನಾ ಸಂಜೆ ಅದೇ. ಅಮ್ಮ ಮೊದಲು ಸಿಟ್ಟಾದಳು. "ಮಗು ಕೈಲಿ ಏನ್ರೀ ಇದು?" ಆಮೇಲೆ ಅವಳೂ ಲೋಟ ಹಿಡಿದುಕೊಂಡು ಬಾಲ್ಕನಿಗೆ ಬಂದು ಕೂತಳು.

ಚಳಿಗಾಲದಲ್ಲಿ ಅಪ್ಪ ಮತ್ತೆ ಆಸ್ಪತ್ರೆ ಸೇರಿದರು. ಆ ವಾರ್ಡಿಗೆ ಮಕ್ಕಳನ್ನು ಬಿಡುತ್ತಿರಲಿಲ್ಲ. ನಾನು ಸಂಜೆ ಎಲೆನಮ್ಮನ ಮನೆಯಲ್ಲಿ ಲೋಟ ಖಾಲಿ ಮಾಡಿ, ಹೇಗಿತ್ತು ಎಂದು ಅಮ್ಮನ ಹತ್ತಿರ ಹೇಳಿ ಕಳಿಸುತ್ತಿದ್ದೆ. ಅಮ್ಮನ ಚೀಲದಲ್ಲಿ ಆಗ ಒಂದು ತಾಮ್ರದ ಗಿಂಡಿ ಇರುತ್ತಿತ್ತು. ಊರು ಬಿಡುವಾಗ ಅಜ್ಜಿ ಕೊಟ್ಟಿದ್ದ, ಬಾಯಿಗೆ ಬೆಸುಗೆ ಹಾಕಿದ ಕಾಶಿಯ ಗಂಗೆ. ಕೊನೆಯ ಉಸಿರಿನ ಹೊತ್ತಿಗೆ ಬಾಯಿಗೆ ಬಿಡುವ ನೀರು. "ಬೇಕಾಗಲ್ಲ. ಸುಮ್ನೆ ಇರ್ಲಿ ಅಂತ," ಎನ್ನುತ್ತಿದ್ದಳು, ನಾನು ಕೇಳದಿದ್ದರೂ.

ಒಂದು ಬೆಳಗ್ಗೆ ಕೆಳಗಿನ ಮುದುಕಿಯ ಮನೆಗೆ ಫೋನ್ ಬಂತು. ಅಮ್ಮ ಟ್ರಾಮ್ ಹಿಡಿದು ಹೋಗುವಷ್ಟರಲ್ಲಿ ಮುಗಿದಿತ್ತು. ಮಧ್ಯಾಹ್ನ ಅವಳು ಬಂದು ಕೋಟು ಬಿಚ್ಚದೆ ಗಿಂಡಿಯನ್ನು ತೆಗೆದು ದೇವರ ಮುಂದೆ ಇಟ್ಟಳು. ಬೆಸುಗೆ ಹಾಗೆಯೇ ಇತ್ತು. ಎಲೆನಮ್ಮ ಅಮ್ಮನಿಗೂ ನನಗೂ ನೀರು ತಂದುಕೊಟ್ಟರು. ನಾನು ಪೂರ್ತಿ ಕುಡಿದೆ. ಹಲ್ಲು ಜುಮ್ ಎಂದಿತು. ಅಳು ಬರಲಿಲ್ಲ. ಲೋಟ ಹಿಡಿದುಕೊಂಡು ಕಾಯುತ್ತಾ ಕೂತೆ. ಯಾರೂ ಏನೂ ಕೇಳಲಿಲ್ಲ.

ಅಮ್ಮ ಹೋಗಿ ಈಗ ಒಂದು ವರ್ಷವಾಗುತ್ತಾ ಬಂತು. ಕೊನೆಯಲ್ಲಿ ನಾನು ಹತ್ತಿರವೇ ಇದ್ದೆ. ಅಪ್ಪನ ಉದ್ಧರಣೆಯಿಂದ ನಲ್ಲಿಯ ನೀರನ್ನೇ ಬಾಯಿಗೆ ಬಿಟ್ಟೆ. ಗಿಂಡಿ ಒಡೆಯಲು ಅವಳು ಬಿಟ್ಟಿರಲಿಲ್ಲ. "ಅದು ನಿಮ್ಮಪ್ಪಂದು," ಎಂದಿದ್ದಳು. ಡಾರ್ಮ್‌ಸ್ಟಾಟ್‌ನ ಆ ಹಿತ್ತಲಲ್ಲಿ ಈಗ ಕಾರು ನಿಲ್ಲಿಸುತ್ತಾರೆ. ಮರ ಇಲ್ಲ, ತೋಟದ ನಲ್ಲಿಯೂ ಇಲ್ಲ. ಗಿಂಡಿ ನನ್ನ ಮನೆಯ ಕಪಾಟಿನಲ್ಲಿದೆ.

ನಾನು ಈಗಲೂ ಸಂಜೆ ಒಂದು ಲೋಟ ನೀರು ಕುಡಿಯುತ್ತೇನೆ. ಹೇಗಿತ್ತು ಎಂದು ಕೇಳುವವರು ಇಲ್ಲ.