ಮಠದ ಜೋಳಕ್ಕೆ ಹಾಕಿದ ದೊಡ್ಡ ಪುಲ್ಲಿ

ಸಿಂಧನೂರಿನ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಮೊನ್ನೆ ಸುಟ್ಟ ರಬ್ಬರಿನ ವಾಸನೆ ಮೂಗಿಗೆ ಬಡಿಯಿತು. ಅಲ್ಲಿನ ಹಿಟ್ಟಿನ ಗಿರಣಿಯಲ್ಲಿ ಪಟ್ಟಾ ಜಾರುತ್ತಿತ್ತು. ನನ್ನ ವಯಸ್ಸಿನವರಿಗೆ ಗಿರಣಿಯ ವಾಸನೆ ಸುಖದ ನೆನಪು ತರುತ್ತದೆಯಂತೆ. ನಾನು ತಲೆ ತಗ್ಗಿಸಿ ರಸ್ತೆಯ ಆಚೆ ಬದಿಗೆ ದಾಟಿದೆ.

ಮಸ್ಕಿಯಲ್ಲಿ ನಮ್ಮ ಮನೆಗೂ ಗಿರಣಿಗೂ ನಡುವೆ ಇದ್ದದ್ದು ಒಂದೇ ಗೋಡೆ. ಎಂಜಿನ್ನು ಶುರುವಾದರೆ ಅಡುಗೆಮನೆಯ ತಾಟುಗಳು ಸಣ್ಣಗೆ ನಡುಗುತ್ತಿದ್ದವು. ಅಪ್ಪನ ಹಣೆಯಲ್ಲಿ ವಿಭೂತಿ ಎಲ್ಲಿ ಮುಗಿದು ಹಿಟ್ಟು ಎಲ್ಲಿ ಆರಂಭವಾಯಿತೆಂದು ಹೇಳುವುದೇ ಕಷ್ಟ. ಶ್ರಾವಣದಲ್ಲಿ ಮಠದ ದಾಸೋಹದ ಜೋಳವನ್ನು ಬೀಸಿಕೊಡುವುದು ಅಜ್ಜನ ಕಾಲದಿಂದ ನಮ್ಮ ಮನೆಯ ಸೇವೆಯಾಗಿತ್ತು. ಊರಿನಲ್ಲಿ ನಮಗಿದ್ದ ಮರ್ಯಾದೆಯೆಲ್ಲ ಆ ಜೋಳದ್ದೇ. ಒಂದು ವರ್ಷ ಶ್ರಾವಣಕ್ಕೆ ಮುಂಚೆ ಅಪ್ಪನ ಅಣ್ಣ, ಲಿಂಗಸುಗೂರಿನಲ್ಲಿ ಹೊಸ ಗಿರಣಿ ಹಾಕಿದ್ದ ನಮ್ಮ ದೊಡ್ಡಪ್ಪ, ಬಂದು ಕಟ್ಟೆಯ ಮೇಲೆ ಕುಳಿತರು. ಬುಟ್ಟಿಯಿಟ್ಟು ಕಾಯುತ್ತಿದ್ದ ಹೆಂಗಸರ ಎದುರಿಗೇ, "ಲೇ ತಮ್ಮಾ, ಇದು ಗಿರಣ್ಯೋ, ಗಬ್ಬಾದ ಎಮ್ಮ್ಯೋ? ನನ್ನ ಗಿರಣ್ಯಾಗ ಬುಟ್ಟಿ ಇಳಿಸೂದ್ರಾಗ ಹಿಟ್ಟು ಬಂದಿರತೈತಿ" ಎಂದರು. ಆಗ ಅವರು ಅಂಗೈಯಲ್ಲಿ ತಿಕ್ಕುತ್ತಿದ್ದ ತಂಬಾಕನ್ನಾಗಲಿ, ಸೆರಗಿನ ಮರೆಯಲ್ಲಿ ನಕ್ಕವರ ಮುಖಗಳನ್ನಾಗಲಿ ನಾನು ಇಂದಿಗೂ ಮರೆತಿಲ್ಲ.

ಕಲ್ಲು ಇನ್ನೂ ಜೋರಾಗಿ ತಿರುಗಲೆಂದು ಅಪ್ಪ ಎಂಜಿನ್ನಿಗೆ ದೊಡ್ಡ ಪುಲ್ಲಿ, ಎಂದರೆ ಪಟ್ಟಾ ಸುತ್ತುವ ಗಾಲಿ, ತಂದು ಹಾಕಿದರು. "ಅವ್ರು ಅಂದ್ರಂತ ನೀವ್ಯಾಕ ಓಡಸ್ತೀರಿ?" ಎಂದಳು ಅವ್ವ. "ಈ ಸಲ ಮಠದ ಜೋಳ ಮಧ್ಯಾಹ್ನದಾಗ ಮುಗಸ್ತೀನಿ, ನೋಡ್ತಿರು" ಎಂದರು ಅಪ್ಪ. ಮುಂದೆ ಯಂತ್ರಶಾಸ್ತ್ರವನ್ನೇ ಕಲಿಸಿ ಬದುಕಿದ ನನಗೆ ಇದನ್ನು ವಿವರಿಸುವಾಗಲೆಲ್ಲ ನಾಲಿಗೆ ತಡವರಿಸಿದೆ: ಎಂಜಿನ್ನಿನ ಶಕ್ತಿ ಇದ್ದಷ್ಟೇ ಇರುತ್ತದೆ. ಅದನ್ನು ವೇಗಕ್ಕೆ ಕೊಟ್ಟರೆ, ಕಾಳನ್ನು ಅರೆಯುವ ತಿರುಗುಬಲ ಅಷ್ಟರಮಟ್ಟಿಗೆ ಕುಗ್ಗುತ್ತದೆ.

ಮಠದ ಚೀಲಗಳು ಬಂದ ದಿನ, ಕಾಳು ಸುರಿಯುವ ಮುನ್ನ, ಕಲ್ಲು ಕಿವಿಗಡಚಿಕ್ಕುವಂತೆ ತಿರುಗಿತು. "ಈಗ ಬಂತಲ್ಲೋ ಎಮ್ಮಿಗೆ ಕುದುರಿ ಓಟ!" ಎಂದರು ನೋಡಲೆಂದೇ ಬಂದು ಕುಳಿತಿದ್ದ ದೊಡ್ಡಪ್ಪ. ಜೋಳ ಸುರಿದೊಡನೆ ಎಂಜಿನ್ನು ನರಳಿತು, ಕರಿಹೊಗೆ ಕಾರಿತು, ಪಟ್ಟಾ ಜಾರಿ ಸುಟ್ಟ ವಾಸನೆ ಬಂತು. ಹಳೆಯ ಪುಲ್ಲಿ ಮೂಲೆಯಲ್ಲೇ ಇತ್ತು. ಅಣ್ಣನ ಕಣ್ಣೆದುರು ಅದನ್ನು ಮತ್ತೆ ಹಾಕಲು ಅಪ್ಪನಿಗೆ ಮನಸ್ಸಾಗಲಿಲ್ಲ. ಕಾಳನ್ನು ದಾರದಷ್ಟು ಸಣ್ಣಗೆ ಬಿಟ್ಟರು. ಎಂಜಿನ್ನು ಹೇಗೋ ಎಳೆಯಿತು. ಹೊಟ್ಟೆ ತುಂಬದ ಕಲ್ಲುಗಳು ಆ ವೇಗದಲ್ಲಿ ಒಂದಕ್ಕೊಂದು ತಿಕ್ಕಿ ಕಾದವು. ಹಿಟ್ಟು ಮುಟ್ಟಲಾಗದಷ್ಟು ಬಿಸಿಯಾಗಿ ಇಳಿಯಿತು.

ಮರುದಿನ ದಾಸೋಹದ ಮನೆಯಲ್ಲಿ ರೊಟ್ಟಿ ಬಡಿಯುವ ಮುದುಕಿ ಎಲ್ಲರೆದುರು ಒಡೆದ ರೊಟ್ಟಿಯನ್ನೆತ್ತಿ ಅಪ್ಪನಿಗೆ ತೋರಿಸಿದಳು: "ಯಪ್ಪಾ, ಹಿಟ್ಟು ಸುಟ್ಟೈತಿ. ಜಿಗಿನೇ ಇಲ್ಲ. ಶರಣರಿಗೆ ಇದನ್ನ ಹ್ಯಾಂಗ ನೀಡ್ಲಿ?" ಪಕ್ಕದಲ್ಲಿ ನಿಂತಿದ್ದ ನನಗೆ ಅಪ್ಪನ ಕೈ ಬಿಟ್ಟು ದೂರ ಸರಿಯಬೇಕೆನಿಸಿತು.

ಮರುವರ್ಷ ಅಪ್ಪ ಹಳೆಯ ಪುಲ್ಲಿ ಹಾಕಿ, ಕಲ್ಲಿಗೆ ಹೊಸದಾಗಿ ಉಳಿ ಹೊಡೆಸಿ, ಗಿರಣಿಯ ಅಂಗಳವನ್ನು ಸಾರಿಸಿಟ್ಟು ಕಾದರು. ಮಠದ ಗಾಡಿ ನಮ್ಮ ಬಾಗಿಲ ಮುಂದೆಯೇ ಲಿಂಗಸುಗೂರಿನ ದಾರಿ ಹಿಡಿಯಿತು. ನಮ್ಮ ಸೇವೆಯನ್ನು ದೊಡ್ಡಪ್ಪ ಬೇಡಿ ಪಡೆದಿದ್ದರು. ಆ ಮನೆ, ಆ ಗೋಡೆ, ಆ ಅಣ್ಣತಮ್ಮಂದಿರು ಈಗಿಲ್ಲ; ನನ್ನ ಸಿಟ್ಟು ಮಾತ್ರ ಇದೆ.

ಮಠದ ಗಾಡಿ ಹಿಟ್ಟು ಹೊತ್ತು ಮರಳಿದ ದಿನ ಅವ್ವ ಹಿತ್ತಲಿನ ಬೀಸುಕಲ್ಲಿನಲ್ಲಿ ಒಂದು ಬುಟ್ಟಿ ಜೋಳ ಬೀಸಿದಳು. ಯಾರಿಗೂ ಕಾಣದಂತೆ ಸೆರಗು ಹೊದಿಸಿ, ನನ್ನನ್ನು ಕರೆದುಕೊಂಡು ಸಂದಿಯಿಂದ ಮಠಕ್ಕೆ ನಡೆದಳು. ಉಗ್ರಾಣದವರು ಬುಟ್ಟಿ ಇಸಿದುಕೊಂಡು ಲಿಂಗಸುಗೂರಿನಿಂದ ಬಂದ ರಾಶಿಯ ಮೇಲೆ ಸುರಿದರು. ಯಾರ ಮನೆಯ ಹಿಟ್ಟೆಂದು ಕೇಳಲಿಲ್ಲ. ಕೇಳಬಹುದೆಂದು ಅವ್ವ ಖಾಲಿ ಬುಟ್ಟಿ ಹಿಡಿದು ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತಿದ್ದಳು.